ಇಶಾಪುರದ ರೈಫಲ್‌ಗೆ ಬ್ರಿಟಿಷ್ ಚೀಟಿ

ಸಂಪಾದಕರೇ,

ನಾನಿರುವುದು ಅಮೆರಿಕದಲ್ಲಿ, ನಿಮ್ಮ ಪತ್ರಿಕೆ ಓದುವುದು ಮೊಬೈಲಿನಲ್ಲಿ. ಬಂದೂಕಿನ ವಿಷಯಕ್ಕೆ ನಿಮಗೆ ಪತ್ರ ಬರೆಯುತ್ತೇನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ಕಳೆದ ಶನಿವಾರ ಗೆಳೆಯನ ಜೊತೆ ಇಲ್ಲಿನ ಬಂದೂಕಿನ ಅಂಗಡಿಗೆ ಸುಮ್ನೆ ಹೋಗಿದ್ದೆ. ಮೂಲೆಯಲ್ಲಿ ಬೇರೆ ಬೇರೆ ದೇಶದ ಸೈನ್ಯಗಳು ಬೇಡವೆಂದು ಮಾರಿದ ಹಳೇ ರೈಫಲ್‌ಗಳ ಸಾಲಿತ್ತು. ಒಂದಕ್ಕೆ 'ಬ್ರಿಟಿಷ್ ಲೀ-ಎನ್‌ಫೀಲ್ಡ್ .303' ಅಂತ ಚೀಟಿ, .303 ಅಂದರೆ ಇಂಚಿನಲ್ಲಿ ಗುಂಡಿನ ಅಳತೆ. ನಮ್ಮ ಪೊಲೀಸರ ಹೆಗಲ ಮೇಲೆ ನೋಡಿದ ತ್ರೀ ನಾಟ್ ತ್ರೀ ಅಲ್ವಾ ಅಂತ ಆಸೆಯಿಂದ ಕೈಗೆತ್ತಿಕೊಂಡೆ. ನೋಡಿದರೆ ಬೋಲ್ಟ್ (ಗುಂಡನ್ನು ನಳಿಗೆಯೊಳಗೆ ತಳ್ಳುವ ಭಾಗ) ಹಿಡಿಯ ಕೆಳಗಿನ ಉಕ್ಕಿನ ಪಟ್ಟಿ ಮೇಲೆ ಅಶೋಕ ಸ್ತಂಭದ ಸಿಂಹಗಳು! ಜೊತೆಗೆ ಆರ್.ಎಫ್.ಐ., 1967, 7.62 ಎಂ.ಎಂ. 2ಎ1. ಚೀಟಿ ಬರೆದವರು ಇಷ್ಟನ್ನೂ ಓದಿರಲಿಲ್ಲ.

ಆರ್.ಎಫ್.ಐ. ಅಂದರೆ ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ .303 ತಯಾರಾಗುತ್ತಿತ್ತು, ನಿಜ. ಆದರೆ 1962ರ ಚೀನಾ ಯುದ್ಧದ ನಂತರ ನಮ್ಮವರು ಹಳೇ ವಿನ್ಯಾಸವನ್ನೇ ಇಟ್ಟುಕೊಂಡು, ಇನ್ನೂ ಗಟ್ಟಿ ಉಕ್ಕು ಬಳಸಿ, 7.62ರ ಗುಂಡಿಗೆ ಹೊಸದಾಗಿ ಈ ರೈಫಲ್ ಮಾಡಿದರು. ಸೈನ್ಯದ ಆಗಿನ ಹೊಸ ಎಸ್.ಎಲ್.ಆರ್.ಗೂ (ತಾನೇ ಗುಂಡು ತುಂಬಿಕೊಳ್ಳುವ ರೈಫಲ್) ಅದೇ ಗುಂಡು. ಇದು ಹಳೇ .303ರ ನಳಿಗೆ ಬದಲಿಸಿದ್ದು ಅಂತ ಇಲ್ಲಿ ಜಾಸ್ತಿ ಜನ ಹೇಳುತ್ತಾರೆ, ಅದು ತಪ್ಪು. ಗುಂಡು ತುಂಬುವ ಪೆಟ್ಟಿಗೆ, ಅಂದರೆ ಮ್ಯಾಗಜಿನ್ ನೋಡಿದರೇ ಗೊತ್ತಾಗುತ್ತದೆ, .303ರದ್ದು ಓರೆಯಾಗಿರುತ್ತದೆ, ಇದರದ್ದು ಚೌಕ. ಮೊದಲ 2ಎ ಮಾದರಿಯಲ್ಲಿ ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ ಗುರಿಪಟ್ಟಿ 2000ದವರೆಗೆ ಇತ್ತು, 2ಎ1ರಲ್ಲಿ ಅದನ್ನು 800 ಮೀಟರಿಗೆ ಇಳಿಸಿದರು. ಸರಿಯಾಗಿಯೇ ಮಾಡಿದರು, ಬರಿಗಣ್ಣಲ್ಲಿ 2000ಕ್ಕೆ ಗುರಿ ಇಡುವವರು ಯಾರು?

ಇನ್ನು ಅದು ಇದ್ದ ಸ್ಥಿತಿ. ಸಂದುಗಳಲ್ಲೆಲ್ಲ ಗಟ್ಟಿಯಾದ ಹಳೇ ಗ್ರೀಸು, ಅದರ ಕೆಳಗೆ ತುಕ್ಕಿನ ಸುಳಿವೇ ಇಲ್ಲ. ಬೋಲ್ಟ್ ಮೇಲಿನ ನಂಬರೂ ರೈಫಲ್ ಮೇಲಿನ ನಂಬರೂ ಒಂದೇ, ಅಂದರೆ ಹುಟ್ಟಿದಾಗಿನ ಜೋಡಿ ಬಹುಶಃ ಬೇರೆಯಾಗಿಲ್ಲ. ಬೆಳಕಿಗೆ ಹಿಡಿದರೆ ನಳಿಗೆಯ ಒಳಗಿನ ಸುರುಳಿ ಗೆರೆಗಳು ಚೂಪಾಗಿ ಹೊಳೆಯುತ್ತಿದ್ದವು. ಮರದ ಮೇಲೆ ಮಾತ್ರ ಒಂದೆರಡು ಪೆಟ್ಟಿನ ಗುರುತು. ಅಂಗಡಿಯವನು ಮರ ಉಜ್ಜಿ ವಾರ್ನಿಷ್ ಹಾಕಿಕೊಡುತ್ತೇನೆ ಅಂದ. ದಯವಿಟ್ಟು ಮುಟ್ಟಬೇಡ ಮಾರಾಯ ಅಂದೆ. ಉಜ್ಜಿದರೆ ಮರದ ಮೇಲೆ ಒತ್ತಿದ ಮುದ್ರೆಗಳೂ ಹೋಗುತ್ತವೆ.

ಚೀಟಿ ತಪ್ಪಿದೆ ಅಂತಲೂ ಹೇಳಿದೆ. ಗುಂಡಿನ ಅಳತೆ ತಪ್ಪು ಬರೆಯುವುದು ಸಣ್ಣ ವಿಷಯವಲ್ಲ. ಅವನು ಸಿಂಹಗಳನ್ನು ಬೆರಳಲ್ಲಿ ಸವರಿ ನೋಡಿ, ಚೀಟಿ ಹರಿದ. ಆಮೇಲೆ ಇದನ್ನು ಯಾರು ಬಳಸುತ್ತಿದ್ದರು ಅಂತ ನನ್ನನ್ನೇ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಚಿಕೆಯಾಯಿತು.

ಅದಕ್ಕೇ ಈ ಪತ್ರ. ನಿಮ್ಮ ಓದುಗರಲ್ಲಿ ನಿವೃತ್ತ ಯೋಧರು, ಪೊಲೀಸರು ಇದ್ದೇ ಇರುತ್ತಾರೆ. 2ಎ1 ಹೊತ್ತು ಕಾವಲು ನಿಂತವರು, ಅದರಲ್ಲಿ ಗುರಿ ಕಲಿತವರು ಯಾರಾದರೂ ಇದ್ದರೆ ನಾಲ್ಕು ಸಾಲು ಬರೆದು ಕಳಿಸಲಿ, ನೀವು ಅಚ್ಚು ಹಾಕಿ. ಅದರ ತೂಕ, ಹೆಗಲಿಗೆ ಕೊಡುವ ಒದೆತ, ಪರೇಡಿನ ಹಿಂದಿನ ರಾತ್ರಿ ಎಣ್ಣೆ ಹಚ್ಚಿ ಒರೆಸಿದ್ದು, ಏನಾದರೂ ಸರಿ. ರೈಫಲ್ ಇನ್ನೂ ಅಂಗಡಿಯಲ್ಲೇ ಇದೆ, ಕೊಳ್ಳುವುದೋ ಬೇಡವೋ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

– ಒಬ್ಬ ಓದುಗ, ಅಮೆರಿಕ