ಮಾತ್ರೆ ಬಿಟ್ಟಿರೆಂದು ಗದರಿಸುವ ಮೊದಲು ಪರೀಕ್ಷೆ ಮಾಡಿಸಿ

ಮಾನ್ಯ ಸಂಪಾದಕರೇ,

ನನ್ನ ಅಣ್ಣ ಮಲ್ಪೆಯ ಆಳಸಮುದ್ರ ಬೋಟಿನಲ್ಲಿ ದುಡಿಯುವವ. ಒಮ್ಮೆ ಹೊರಟರೆ ಮರಳಲು ಹತ್ತು ದಿನ. ಎಚ್‌ಐವಿ ಮಾತ್ರೆಯನ್ನು ಬಟ್ಟೆಯ ಚೀಲದಡಿ ಇಟ್ಟುಕೊಂಡು, ಜೊತೆಯವರು ಮಲಗಿದ ಮೇಲೆ ನುಂಗುತ್ತಾನೆ. ಹನ್ನೆರಡು ವರ್ಷ ಹೀಗೇ ನಡೆದಿದೆ.

ಕಳೆದ ವರ್ಷ ಅವನ ವೈರಲ್ ಲೋಡ್, ಎಂದರೆ ರಕ್ತದಲ್ಲಿರುವ ವೈರಸ್ಸಿನ ಎಣಿಕೆ, 1000 ದಾಟಿತು. ಚಿಕಿತ್ಸಾ ಕೇಂದ್ರದಲ್ಲಿ ಕೇಳಿದ ಮೊದಲ ಮಾತು, "ಮಾತ್ರೆ ಬಿಟ್ಟಿದ್ದೀರಿ ಅಲ್ವಾ?" ಮೂರು ತಿಂಗಳು ಆಪ್ತಸಮಾಲೋಚನೆ ನಡೆಯಿತು. ಮೀನುಗಾರಿಕೆ ನಿಷೇಧದ ಜೂನ್, ಜುಲೈ ಆ ನಡುವೆಯೇ ಬಂದದ್ದರಿಂದ ಅಣ್ಣ ಮನೆಯಲ್ಲೇ ಇದ್ದ. ಅತ್ತಿಗೆ ರಾತ್ರಿ ಎದುರು ನಿಂತು ಮಾತ್ರೆ ಕೊಟ್ಟರು. ಆದರೂ ಲೋಡ್ ಇಳಿಯಲಿಲ್ಲ. ಮತ್ತೆ ಅದೇ ಪ್ರಶ್ನೆ.

ವೈದ್ಯರ ಅನುಮಾನ ನನಗೆ ಅರ್ಥವಾಗುತ್ತದೆ. ಈಗ ಕೊಡುವ ಡೊಲುಟೆಗ್ರಾವಿರ್ ಗಟ್ಟಿ ಔಷಧ, ವೈರಸ್ ಅದಕ್ಕೆ ಸುಲಭವಾಗಿ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಆದರೆ ಅಪರೂಪ ಎಂದರೆ ಆಗುವುದೇ ಇಲ್ಲ ಎಂದಲ್ಲವಲ್ಲ! ಕೊನೆಗೆ ಸಾಲ ಮಾಡಿ ಖಾಸಗಿ ಲ್ಯಾಬಿನಲ್ಲಿ ಔಷಧ ಪ್ರತಿರೋಧ ಪರೀಕ್ಷೆ ಮಾಡಿಸಿದೆವು. ರಕ್ತದಲ್ಲಿರುವ ವೈರಸ್ಸಿನ ಜೀನ್‌ಗಳನ್ನೇ ಓದಿ, ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಅದು ಹೇಳುತ್ತದೆ. ಅಣ್ಣನ ವೈರಸ್ಸಿಗೆ ಜೊತೆಗೆ ಕೊಡುವ ಲ್ಯಾಮಿವುಡಿನ್ ಎಂಬ ಔಷಧ ಮಾತ್ರವಲ್ಲ, ಡೊಲುಟೆಗ್ರಾವಿರ್ ಕೂಡ ನಾಟುತ್ತಿರಲಿಲ್ಲ. "ಹಾಗಾದ್ರೆ ನಾನು ಸುಳ್ಳು ಹೇಳಿಲ್ಲ ಅಂತ ಆಯ್ತಲ್ಲ" ಎಂದು ಅಣ್ಣ ಅತ್ತುಬಿಟ್ಟ. ಔಷಧ ಬದಲಾದ ಮೇಲೆ ಲೋಡ್ ಇಳಿಯಿತು.

ಒಂದೇ ಒಂದು ಮಾತ್ರೆ ತಪ್ಪಿಸದವರಲ್ಲೂ ಪ್ರತಿರೋಧ ಇರಬಹುದು, ಏಕೆಂದರೆ ಸೋಂಕು ತಗಲುವಾಗಲೇ ಅಂಥ ವೈರಸ್ ಬಂದಿರಬಹುದು. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಈ ಪರೀಕ್ಷೆಯನ್ನು ಔಷಧ ತೆಗೆದುಕೊಳ್ಳುತ್ತಿರುವಾಗಲೇ ಮಾಡಬೇಕು. ಬಿಟ್ಟು ಕೆಲವು ವಾರವಾದರೆ ಔಷಧ ನಾಟುವ ಹಳೆಯ ವೈರಸ್ ಮೇಲೆದ್ದು, ಪ್ರತಿರೋಧ ಬೆಳೆಸಿಕೊಂಡದ್ದು ಮರೆಗೆ ಸರಿಯುತ್ತದೆ, ವರದಿಯಲ್ಲಿ ಕಾಣದೆಯೂ ಹೋಗಬಹುದು. ಗದರಿಕೆಗೆ ನೊಂದು ಮಾತ್ರೆಯನ್ನೇ ನಿಲ್ಲಿಸಿದವನ ಗತಿಯೇನು?

2004ರಿಂದ ಸರ್ಕಾರ ಈ ಔಷಧವನ್ನು ಉಚಿತವಾಗಿ ಕೊಡುತ್ತಿದೆ. ಅಣ್ಣ ಬದುಕಿರುವುದೇ ಅದರಿಂದ. ವೈರಲ್ ಲೋಡ್ ಪರೀಕ್ಷೆಗೂ ದುಡ್ಡಿಲ್ಲ. ಸಮಾಲೋಚನೆಯ ನಂತರವೂ ಲೋಡ್ ಇಳಿಯದವರಿಗೆ ಪ್ರತಿರೋಧ ಪರೀಕ್ಷೆಯೂ ಉಚಿತವಾಗಿ ಸಿಗಬೇಕು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಗಳಲ್ಲೇ ರಕ್ತ ತೆಗೆದು ಲ್ಯಾಬಿಗೆ ಕಳುಹಿಸುವ ಏರ್ಪಾಡಾಗಲಿ. ಬೋಟು ದಕ್ಕೆಯಲ್ಲಿ ನಿಲ್ಲುವ ಎರಡು ದಿನದಲ್ಲಿ ಅಣ್ಣನಂಥವರು ಬೆಂಗಳೂರಿಗೆ ಹೋಗಿ ಬರಲಾರರು.

ನನ್ನ ಹೆಸರು ಪ್ರಕಟಿಸಬೇಡಿ. ಅದರಿಂದ ಅಣ್ಣನ ಗುರುತು ಸಿಕ್ಕೀತು.

ಇತಿ,
ಮಲ್ಪೆಯ ಓದುಗ