ಲಿನಕ್ಸ್‌ನಲ್ಲಿ ನಡೆಯದ ಸೌಂಡ್ ಕಾರ್ಡ್ ವಾಪಸ್ ತೆಗೆದುಕೊಳ್ಳಿ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು

ವಿಷಯ: ಯುಎಸ್‌ಬಿ ಸೌಂಡ್ ಕಾರ್ಡ್ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದು, ವಾಪಸ್ ಪಡೆಯಲು ಒಪ್ಪದಿರುವುದು

ಮಾನ್ಯರೇ,

ನಾನು ಚಿಂತಾಮಣಿಯವನು. ನಮ್ಮ ಕಡೆ ಭಜನೆಗಳಲ್ಲಿ ಹಿರಿಯರು ಹಾಡುವ, ಸಂತ ಕವಿ ಕೈವಾರ ತಾತಯ್ಯನವರ ಪದಗಳನ್ನು ರೆಕಾರ್ಡ್ ಮಾಡಿಡುತ್ತಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇಲ್ಲ, ಇರುವುದು ಉಬುಂಟು ಎಂಬ ಲಿನಕ್ಸ್ ಒಂದೇ. ಅದರ ಸ್ವಂತ ಮೈಕಿನಲ್ಲಿ ಫ್ಯಾನಿನ ಸದ್ದೇ ಜಾಸ್ತಿ, ತಂಬೂರಿ ಶ್ರುತಿ ಕೇಳುವುದೇ ಇಲ್ಲ. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ತಂತಿಯಲ್ಲೇ ಹೋಗುವ ವಿದ್ಯುತ್) ಕೊಡುವ ಸೌಂಡ್ ಕಾರ್ಡ್, ಅಂದರೆ ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಸಾಧನ ಬೇಕಿತ್ತು. ನಿಮ್ಮ ಆನ್‌ಲೈನ್ ಅಂಗಡಿಯಲ್ಲಿ 9,800 ರೂಪಾಯಿ ಕೊಟ್ಟು ಒಂದು ತರಿಸಿದೆ.

ಕೊಳ್ಳುವ ಮೊದಲೇ ನಿಮ್ಮ ಚಾಟ್‌ನಲ್ಲಿ ಕೇಳಿದ್ದೆ: "ಇದು ಕ್ಲಾಸ್ ಕಂಪ್ಲಯಂಟ್ ಹೌದಾ? ಬೇರೆ ಡ್ರೈವರ್ ಇಲ್ಲದೆ ಲಿನಕ್ಸ್‌ನಲ್ಲಿ ನಡೆಯುತ್ತಾ?" "ಹೌದು ಸಾರ್, ಸಿಕ್ಕಿಸಿದರೆ ಸಾಕು" ಎಂದು ನಿಮ್ಮವರು ಬರೆದರು. ಕ್ಲಾಸ್ ಕಂಪ್ಲಯಂಟ್ ಅಂದರೆ ಎಲ್ಲ ತಯಾರಕರಿಗೂ ಒಂದೇ ಆದ ಯುಎಸ್‌ಬಿ ಆಡಿಯೋ ನಿಯಮದಂತೆ ಮಾಡಿದ್ದು; ಡ್ರೈವರ್ ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ನಿಮ್ಮವರ ಆ ಮಾತನ್ನು ನಂಬಿಯೇ ದುಡ್ಡು ಕಟ್ಟಿದ್ದು. ಚಾಟ್‌ನ ಚಿತ್ರ ಲಗತ್ತಿಸಿದ್ದೇನೆ.

ಕಾರ್ಡ್ ಸಿಕ್ಕಿಸಿದೆ. ದೀಪ ಹತ್ತಿತು, ಅಷ್ಟೇ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರಿಲ್ಲ, ರೆಕಾರ್ಡ್ ಮಾಡುವ ಆಡಾಸಿಟಿ ತಂತ್ರಾಂಶದಲ್ಲೂ ಇಲ್ಲ. ಟರ್ಮಿನಲ್‌ನಲ್ಲಿ (ಆಜ್ಞೆ ಬರೆಯುವ ಕಿಟಕಿಯಲ್ಲಿ) ಯುಎಸ್‌ಬಿ ಪಟ್ಟಿ ತೆಗೆದು ನೋಡಿದರೆ, ಕ್ಲಾಸ್ ಎಂಬ ಕಡೆ 'ಆಡಿಯೋ' ಇರಬೇಕಾದಲ್ಲಿ 'ವೆಂಡರ್ ಸ್ಪೆಸಿಫಿಕ್', ಅಂದರೆ ತಯಾರಕರ ಸ್ವಂತ ರೀತಿಯದು ಎಂದಿದೆ. ಎಲ್ಲರಿಗೂ ಒಂದೇ ಆಗಿರುವ ಯುಎಸ್‌ಬಿ ಆಡಿಯೋ ನಿಯಮದಂತೆ ಮಾಡಿದ ಕಾರ್ಡಾಗಿದ್ದರೆ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ ಅಲ್ಸಾ ಎಂಬ ಸೌಂಡ್ ಡ್ರೈವರ್ ತಾನೇ ಗುರುತು ಹಿಡಿಯುತ್ತಿತ್ತು. ಇದು ತಯಾರಕರ ಸ್ವಂತ ಡ್ರೈವರ್ ಕೇಳುತ್ತದೆ. ಆ ಡ್ರೈವರ್ ಇರುವುದು ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ ಎಂದು ಡಬ್ಬಿಯೊಳಗಿನ ಚೀಟಿಯಲ್ಲೇ ಇದೆ! ನನ್ನ ಲ್ಯಾಪ್‌ಟಾಪ್‌ದೇ ತೊಂದರೆ ಇರಬಹುದು ಅಂತ ಗೆಳೆಯನ ಹಳೇ ಕಾರ್ಡನ್ನೂ ಅದೇ ಪೋರ್ಟಿಗೆ ಹಾಕಿದೆ. ತಕ್ಷಣ ಕಾಣಿಸಿಕೊಂಡಿತು, ರೆಕಾರ್ಡೂ ಆಯಿತು.

ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. "ವಿಂಡೋಸ್ ಹಾಕಿಕೊಳ್ಳಿ" ಎಂದರು. ವಾಪಸ್ ಕೇಳಿದರೆ, "ಡಬ್ಬಿ ತೆರೆದಿದ್ದೀರಿ, ವಸ್ತುವಿನಲ್ಲಿ ದೋಷ ಇಲ್ಲ" ಎಂದರು. ಡಬ್ಬಿ ತೆರೆಯದೆ ಕಾರ್ಡ್ ನಡೆಯುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಬಹುದಿತ್ತು, ಅಲ್ವಾ? ನಾನು ಬೇರೆ ಕಾರ್ಡ್ ಹುಡುಕಿಕೊಳ್ಳುತ್ತಿದ್ದೆ.

ಕಾರ್ಡ್ ಸಿಕ್ಕಿಸಿ ನೋಡಿದ ಶನಿವಾರ ನಮ್ಮ ಭಜನೆಯ ತಾತ ಒಬ್ಬರು ಹಾಡಲು ಬಂದಿದ್ದರು. ವಯಸ್ಸು ಎಂಬತ್ತು ದಾಟಿದೆ. ಎರಡು ಗಂಟೆ ಕಾದು, ಸುಮ್ನೆ ಎದ್ದು ಹೋದರು. ನನಗೆ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಅದು.

ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಿದವರು ಅದನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದೂ ಇದೆ. ಕಾರ್ಡನ್ನು ನಿಮ್ಮ ಖರ್ಚಿನಲ್ಲಿ ಒಯ್ದು, ಪೂರ್ತಿ ಹಣ ವಾಪಸ್ ಕೊಡಿ. ಅದು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ ಎಂದು ಮಾರಾಟದ ಪುಟದಲ್ಲೂ ಬರೆಯಿರಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಲಗತ್ತು: ಬಿಲ್, ಚಾಟ್‌ನ ಚಿತ್ರ, ಟರ್ಮಿನಲ್‌ನ ಚಿತ್ರ

ಇಂತಿ,
ನಿಮ್ಮ ಗ್ರಾಹಕ
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ