ಮೈಯೊಳಗಿನ ಪಂಪಿಗೆ ಔಷಧಿ ತುಂಬಿಸೋಕೂ ಬೆಂಗಳೂರಿಗೇ ಹೋಗಬೇಕಾ?

ಮಾನ್ಯ ಸಂಪಾದಕರೇ,

ಬೆನ್ನುಹುರಿಗೆ ಪೆಟ್ಟು ಬಿದ್ದವರ ಕಾಲು ಶಕ್ತಿ ಕಳಕೊಂಡು ಸುಮ್ನೆ ಬಿದ್ದಿರುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಕಾಲು ಹಾಗಿರಲಿಲ್ಲ. ಮುಟ್ಟಿದರೆ ಸಾಕು ಸೆಟೆದು ನಿಲ್ಲುತ್ತಿದ್ದವು, ಎರಡೂ ತೊಡೆ ಅಂಟಿಕೊಂಡು ಬಿಡಿಸೋಕೇ ಬರುತ್ತಿರಲಿಲ್ಲ, ಆಟೋ ಒಂದು ಹಂಪ್ ಹತ್ತಿ ಇಳಿದರೆ ಸೀಟಿನಿಂದ ಕೆಳಗೆ ಜಾರುವಷ್ಟು ಜೋರಾಗಿ ಕಾಲು ಒದರುತ್ತಿದ್ದವು. ಸ್ನಾಯು ಸಡಿಲಬಿಡು ಅಂತ ಮೆದುಳಿನಿಂದ ಬರುವ ಸೂಚನೆ ಪೆಟ್ಟಾದ ಜಾಗದಿಂದ ಕೆಳಗೆ ಇಳಿಯೋದಿಲ್ಲ, ಅದಕ್ಕೇ ಹೀಗೆ. ರಾತ್ರಿ ನನಗೂ ನಿದ್ದೆ ಇಲ್ಲ, ಪದೇ ಪದೇ ಎದ್ದು ಕಾಲು ಮಡಚಿ ಕೊಡುವ ನನ್ನ ಹೆಂಡತಿಗೂ ಇಲ್ಲ.

ಇದಕ್ಕೆ ಬ್ಯಾಕ್ಲೋಫೆನ್ ಅನ್ನೋ ಗುಳಿಗೆ ಇದೆ, ಎಲ್ಲಾ ಕಡೆ ಸಿಗುತ್ತದೆ, ಎಷ್ಟೋ ಜನರಿಗೆ ಅದೇ ಸಾಕಾಗುತ್ತದೆ. ನನಗೆ ಸಾಕಾಗಲಿಲ್ಲ. ನುಂಗಿದ ಗುಳಿಗೆಯ ಔಷಧಿ ರಕ್ತದಿಂದ ಬೆನ್ನುಹುರಿಗೆ ಹೋಗೋದು ಬಹಳ ಕಡಿಮೆ, ಹಾಗಂತ ಡೋಸ್ ಜಾಸ್ತಿ ಮಾಡಿದರೆ ದಿನವಿಡೀ ಮಂಪರು. ಕೊನೆಗೆ ಬೆಂಗಳೂರಿನಲ್ಲಿ ಡಾಕ್ಟರು, ಇದೇ ಔಷಧಿಯನ್ನು ನೇರವಾಗಿ ಬೆನ್ನುಹುರಿಗೆ ಬಿಡುವ ಪಂಪಿನ ಮಾತು ತೆಗೆದರು. ಮೊದಲು ಸೊಂಟದಲ್ಲಿ ಸೂಜಿ ಚುಚ್ಚಿ ಬೆನ್ನುಹುರಿಯ ಸುತ್ತಲಿನ ನೀರಿಗೆ 50 ಮೈಕ್ರೋಗ್ರಾಂ ಔಷಧಿ ಬಿಟ್ಟು ನೋಡುತ್ತಾರೆ. ಒಂದು ಗುಳಿಗೆಯಲ್ಲೇ 10 ಮಿಲಿಗ್ರಾಂ ಇರುತ್ತದೆ, ಅಂದರೆ ಇದು ಅದರ 200ರಲ್ಲಿ ಒಂದು ಪಾಲು. ಅಷ್ಟಕ್ಕೇ ಕೆಲವು ತಾಸಿನಲ್ಲಿ ನನ್ನ ಮೊಣಕಾಲನ್ನು ಒಂದೇ ಕೈಯಲ್ಲಿ ಮಡಚೋಕೆ ಬಂತು.

ಆಮೇಲೆ ಆಪರೇಷನ್ ಮಾಡಿ ಹೊಟ್ಟೆಯ ಚರ್ಮದ ಕೆಳಗೆ ದುಂಡನೆಯ ಪಂಪು ಇಟ್ಟರು. ಅದರಿಂದ ಒಂದು ಸಣ್ಣ ನಳಿಕೆ ಪಕ್ಕೆಯ ಚರ್ಮದ ಕೆಳಗಿಂದ ಸುತ್ತಿ ಬೆನ್ನುಹುರಿಯ ಹತ್ತಿರ ಹೋಗುತ್ತದೆ. ಗಂಟೆಗೆ ಎಷ್ಟು ಬಿಡಬೇಕು, ರಾತ್ರಿ ಎಷ್ಟು, ಹಗಲು ಎಷ್ಟು ಅನ್ನೋದನ್ನು ಹೊರಗಿನಿಂದಲೇ ಒಂದು ಉಪಕರಣ ಹಿಡಿದು ಹೊಂದಿಸುತ್ತಾರೆ. ಬಿಗಿತ ಪೂರ್ತಿ ಹೋಗಬಾರದು, ಇದು ನನಗೂ ಮೊದಲು ಗೊತ್ತಿರಲಿಲ್ಲ. ಮಂಚದಿಂದ ಗಾಲಿಕುರ್ಚಿಗೆ ಸರಿಯುವಾಗ ಕಾಲಿನ ಅಷ್ಟಿಷ್ಟು ಬಿಗಿಯೇ ಆಸರೆ, ಅದೂ ಇಲ್ಲದಿದ್ದರೆ ಕಾಲು ಜೋತು ಬೀಳುತ್ತವೆ. ಸರಿಯಾದ ಅಳತೆ ಸಿಗೋಕೆ ತಿಂಗಳುಗಳೇ ಬೇಕಾದವು. ಈ ಪಂಪಿನಿಂದ ನಾನು ಎದ್ದು ನಡೆಯೋದಿಲ್ಲ. ಆದರೆ ನೆಟ್ಟಗೆ ಕೂತು ಊಟ ಮಾಡುತ್ತೇನೆ, ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಮನೆಯವರು ನಿದ್ದೆ ಮಾಡುತ್ತಾರೆ. ನಮ್ಮ ಮನೆಗೆ ಇದು ದೊಡ್ಡ ವಿಷಯ.

ಈಗ ನಾನು ಬರೆಯೋಕೆ ಕೂತ ಕಾರಣಕ್ಕೆ ಬರುತ್ತೇನೆ. ಪಂಪಿನೊಳಗಿನ ಔಷಧಿ ಖಾಲಿಯಾಗುವ ಮೊದಲು ಮತ್ತೆ ತುಂಬಿಸಬೇಕು. ಡೋಸ್ ನೋಡಿಕೊಂಡು ಕೆಲವು ತಿಂಗಳಿಗೊಮ್ಮೆ, ಎಷ್ಟೇ ತಡ ಅಂದರೂ ಆರು ತಿಂಗಳ ಒಳಗೆ. ಚರ್ಮದ ಮೇಲಿಂದ ಪಂಪಿನ ಬಾಯಿಗೆ ಸೂಜಿ ಹಾಕಿ, ಹಳೆಯದನ್ನು ಎಳೆದು ಹೊಸದನ್ನು ತುಂಬಿ, ಉಪಕರಣದಲ್ಲಿ ಲೆಕ್ಕ ಸರಿಮಾಡುತ್ತಾರೆ. ಆಪರೇಷನ್ ಅಲ್ಲ, ಅರಿವಳಿಕೆ ಬೇಕಿಲ್ಲ, ಅದೇ ದಿನ ಮನೆಗೆ ಕಳಿಸುತ್ತಾರೆ. ಆದರೆ ಕಲಿತವರೇ ಮಾಡಬೇಕು, ಯಾಕಂದರೆ ಸೂಜಿ ಪಂಪಿನ ಪಕ್ಕಕ್ಕೆ ಬಿದ್ದರೆ ಅಷ್ಟೂ ಔಷಧಿ ಒಮ್ಮೆಲೇ ಮೈಗೆ ಸೇರಿ ಉಸಿರಿಗೇ ಅಪಾಯ. ಇಷ್ಟು ಕೆಲಸಕ್ಕೆ ನಾನು ಬಾಗಲಕೋಟೆಯಿಂದ ರಾತ್ರಿಯಿಡೀ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಬೇಕು, ಜೊತೆಗೆ ಇಬ್ಬರು ಕೆಲಸ ಬಿಟ್ಟು ಬರಬೇಕು, ರೈಲಿನ ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯೋದೇ ಇಲ್ಲ. ಔಷಧಿಯ ದುಡ್ಡು ಬೇರೆ.

ದುಡ್ಡು, ದಣಿವು ಹೇಗೋ ತಡೆದುಕೊಳ್ಳಬಹುದು. ಹೋದ ಬೇಸಿಗೆಯಲ್ಲಿ ಆದದ್ದನ್ನು ಮಾತ್ರ ಹೇಳಲೇಬೇಕು. ಒಂದು ದಿನ ಮೈಯೆಲ್ಲ ತುರಿಸೋಕೆ ಶುರುವಾಯಿತು, ಒಂದು ಗುಳ್ಳೆಯೂ ಇಲ್ಲ. ಸಂಜೆಯೊಳಗೆ ಕಾಲು ಹಳೆಯದಕ್ಕಿಂತ ಜೋರಾಗಿ ಸೆಟೆದವು, ಆಮೇಲೆ ಜ್ವರ, ಬೆವರು, ಮಾತು ತೊದಲು. ಇಲ್ಲಿನ ಒಂದು ದವಾಖಾನೆಗೆ ಒಯ್ದರು. ಮೊದಲು ಅಲರ್ಜಿ ಅಂದರು, ಆಮೇಲೆ ಬಿಸಿಲಿನ ಜ್ವರ ಅಂದರು, ಸಲೈನ್ ಹಚ್ಚಿ ಆಂಟಿಬಯೋಟಿಕ್ ಕೊಟ್ಟರು. ನನ್ನ ಹೆಂಡತಿ ಪಂಪಿನ ಕಾರ್ಡ್ ತೋರಿಸಿ ತೋರಿಸಿ ಹೇಳಿದರೂ ಯಾರಿಗೂ ಅದು ಏನಂತ ತಿಳಿಯಲಿಲ್ಲ. ಅವಳೇ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ ಇಲ್ಲಿನ ಡಾಕ್ಟರ ಕೈಗೆ ಕೊಟ್ಟಳು. ಬ್ಯಾಕ್ಲೋಫೆನ್ ಗುಳಿಗೆ ಮತ್ತು ಸೆಳೆತ ತಡೆಯುವ ಇಂಜೆಕ್ಷನ್ ಕೊಡಿಸಿ ರಾತ್ರಿಯೇ ಆಂಬುಲೆನ್ಸ್‌ನಲ್ಲಿ ಕಳಿಸಿದರು. ಅಲ್ಲಿ ನೋಡಿದರೆ ನಳಿಕೆ ಜಾರಿ ಔಷಧಿ ಬೆನ್ನುಹುರಿಗೆ ಹೋಗೋದೇ ನಿಂತಿತ್ತು.

ಈ ಔಷಧಿ ಏಕಾಏಕಿ ನಿಂತರೆ ಜ್ವರ ವಿಪರೀತ ಏರುತ್ತದೆ, ಬಿಗಿದ ಸ್ನಾಯುಗಳೇ ಒಡೆದು ಕಿಡ್ನಿ ಕೆಡಬಹುದು, ಜೀವವೇ ಹೋಗಬಹುದು. ಪಂಪು ಖಾಲಿಯಾದರೂ, ಬ್ಯಾಟರಿ ಮುಗಿದರೂ ಇದೇ ಗತಿ. ಬ್ಯಾಟರಿ ಆರೇಳು ವರ್ಷ ಬಂದರೆ ಹೆಚ್ಚು, ಆಗ ಪಂಪನ್ನೇ ಬದಲಿಸಬೇಕು. ತುರಿಕೆ, ಹೆಚ್ಚಿದ ಬಿಗಿತ, ಜ್ವರ, ಈ ಮೂರು ಪಂಪು ಇದ್ದವರಲ್ಲಿ ಒಟ್ಟಿಗೆ ಕಂಡರೆ ಮೊದಲು ಪಂಪಿನ ಮೇಲೆ ಅನುಮಾನ ಪಡಬೇಕು. ಇದಕ್ಕೆ ದೊಡ್ಡ ಮಷೀನು ಬೇಡ, ತುರ್ತು ಚಿಕಿತ್ಸೆಯ ಡಾಕ್ಟರಿಗೆ ಒಂದು ಹಾಳೆಯ ಮಾಹಿತಿ ಸಾಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜಿಲ್ಲಾ ಆಸ್ಪತ್ರೆಗಳಿಗೆ ಆರೋಗ್ಯ ಇಲಾಖೆ ಅದನ್ನು ನಾಳೆಯೇ ಕಳಿಸಬಹುದು ಅಲ್ವಾ?

ಎರಡನೆಯ ಬೇಡಿಕೆ, ಈ ಮೂರು ಜಿಲ್ಲೆಗೆ ಒಂದಾದರೂ ರೀಫಿಲ್ ಕೇಂದ್ರ, ಅಂದರೆ ಪಂಪಿಗೆ ಔಷಧಿ ತುಂಬಿಸುವ ಜಾಗ. ಬೆಳಗಾವಿಯ ಬಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಸಂಸ್ಥೆಯಲ್ಲಿ ಒಬ್ಬ ಡಾಕ್ಟರಿಗೆ, ಒಬ್ಬ ನರ್ಸಿಗೆ ತರಬೇತಿ ಕೊಡಿಸಿ, ಪಂಪು ಹೊಂದಿಸುವ ಆ ಉಪಕರಣ ಒಂದನ್ನು ಇಟ್ಟು, ಔಷಧಿಯ ಕೆಲವು ಬಾಟಲಿ ದಾಸ್ತಾನು ಇಟ್ಟರೆ ನಮ್ಮ ಅರ್ಧ ಜೀವ ಉಳಿಯುತ್ತದೆ. ಎಂಆರ್‌ಐ ಮಾಡಿಸೋಕೂ ಆ ಉಪಕರಣ ಬೇಕು, ಸ್ಕ್ಯಾನ್ ಹೊತ್ತಿನಲ್ಲಿ ಪಂಪಿನ ಮೋಟಾರು ನಿಲ್ಲುತ್ತದೆ, ಮತ್ತೆ ಶುರುವಾಯಿತೋ ಇಲ್ಲವೋ ಆಮೇಲೆ ನೋಡಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಂ, ಆದಾಯದ ಮಿತಿಗೆ ಒಳಪಟ್ಟು, ಹತ್ತಿರದಲ್ಲೇ, ಅದರಲ್ಲೂ ಹಳ್ಳಿಗಳಲ್ಲಿ, ಉಚಿತ ಚಿಕಿತ್ಸೆ ಕೊಡಬೇಕು ಅನ್ನುತ್ತದೆ. ಬಾಗಲಕೋಟೆಗೆ ಬೆಂಗಳೂರು ಯಾವ ಲೆಕ್ಕದಲ್ಲಿ ಹತ್ತಿರ? ನಮ್ಮ ಭಾಗದ ಶಾಸಕರು ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಲ್ಲಿ ಇದನ್ನು ಕೇಳಲಿ.

ಒಬ್ಬರಿಗೋಸ್ಕರ ಕೇಂದ್ರ ಮಾಡೋಕಾಗುತ್ತಾ ಅಂತ ಕಚೇರಿಯೊಂದರಲ್ಲಿ ನನಗೆ ಕೇಳಿದರು. ನಾನು ಒಬ್ಬನೇ ಇರಲಿಕ್ಕಿಲ್ಲ. ಮಿದುಳು ವಾತ (ಸೆರೆಬ್ರಲ್ ಪಾಲ್ಸಿ) ಇರುವ ಮಕ್ಕಳಿಗೂ, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ ಇರುವವರಿಗೂ, ತಲೆಗೆ ಪೆಟ್ಟಾದವರಿಗೂ ಬಿಗಿತ ಬಹಳ ಇದ್ದರೆ ಈ ಪಂಪು ಹಾಕುತ್ತಾರೆ. ಈ ಮೂರು ಜಿಲ್ಲೆಯಲ್ಲಿ ಪಂಪು ಇರುವವರು, ಹಾಕಿಸಿಕೊಳ್ಳಿ ಅಂತ ಡಾಕ್ಟರು ಹೇಳಿದರೂ ರೀಫಿಲ್‌ಗೆ ಅಲೆಯೋದು ಹೇಗೆ ಅಂತ ಹಿಂದೆ ಸರಿದವರು, ದಯವಿಟ್ಟು ಇದೇ ಅಂಕಣಕ್ಕೆ ಎರಡು ಸಾಲು ಬರೆಯಿರಿ. ಮುಂದಿನ ಸಲ ಆ ಕಚೇರಿಗೆ ಹೋಗುವಾಗ ನಿಮ್ಮ ಪತ್ರಗಳನ್ನೂ ಒಯ್ಯುತ್ತೇನೆ.

ಇಂತಿ,
ನಿಮ್ಮ ಓದುಗ
ನವನಗರ, ಬಾಗಲಕೋಟೆ